ಮೋತ್ಯಾನ ಕಿತ್ತಳೆ ಅಂಗಿ

ಅಮಾವಾಸ್ಯೆಯೊಳಗೆ ನಾಯಿ ಮನೆಯಿಂದ ಹೋಗಬೇಕು ಎಂದು ಈರಬಸಪ್ಪ ಹೇಳಿದಾಗ ದೇವಕ್ಕ ಎದುರು ಮಾತಾಡಲಿಲ್ಲ. ಗಂಡ ತೀರಿಕೊಂಡ ಮೇಲೆ ರೈಲ್ವೆ ಕ್ವಾರ್ಟರ್ಸ್ ಬಿಟ್ಟುಕೊಟ್ಟು, ಗುಡಗೇರಿಯಲ್ಲಿ ಈರಬಸಪ್ಪನ ಮನೆಯ ಅಂಗಳದಂಚಿನ ಕೋಣೆಗೆ ಬಾಡಿಗೆಗೆ ಬಂದಿದ್ದಳು. ಬೇರೆ ಯಾರೂ ಒಂಟಿ ಹೆಂಗಸಿಗೆ ಕೋಣೆ ಕೊಟ್ಟಿರಲಿಲ್ಲ.

"ನೀ ಇರವಾ, ಯಾರು ಬ್ಯಾಡ ಅಂದಾರ? ಆದ್ರ ಲಿಂಗಪೂಜಿ ಮಾಡೂ ಮನಿ ಇದು. ನಾಯಿ ಪಡಸಾಲ್ಯಾಗ ಅಡ್ಡಾಡಿದ್ರ ಹೆಂಗ? ನಮ್ಮ ಟೆಂಪೋ ಅಳ್ನಾವರಕ್ಕ ಹೋಗೂದೈತಿ, ಕಾಡಿನ ಬಾಜು ಬಿಟ್ಟು ಬರ್ತಾರ. ಅಲ್ಲಿ ಅಗದಿ ಆರಾಮ ಇರ್ತೈತಿ."

"ಹೂಂನ್ರಿ ಸಾವ್ಕಾರ್ರ," ಎಂದಷ್ಟೇ ಹೇಳಿ ಅವಳು ಒಳಗೆ ಬಂದಳು.

ಮೋತ್ಯಾ ಕಾಡಿನಲ್ಲಿ ಬದುಕುವ ನಾಯಿಯಲ್ಲ. ಹಳಿಯ ಪಕ್ಕ ಜಲ್ಲಿಕಲ್ಲಿನ ಮೇಲೆ ಬಿದ್ದಿದ್ದ ಮರಿಯನ್ನು ಅವಳ ಗಂಡ, ಗ್ಯಾಂಗ್‌ಮನ್ ಪುಂಡಲೀಕ, ತನ್ನ ಕಿತ್ತಳೆ ಬಣ್ಣದ ಜಾಕೀಟಿನಲ್ಲಿ ಸುತ್ತಿಕೊಂಡು ತಂದಿದ್ದ. ಅವನು ಬದುಕಿದ್ದಷ್ಟು ದಿನ ದೇವಕ್ಕ ಗಂಡನ ಹೆಸರು ಹೇಳಿದವಳಲ್ಲ. ಹೇಳುವ ರೂಢಿಯೂ ಇರಲಿಲ್ಲ. ಬಾಗಿಲಿಗೆ ಬಂದ ಜೊತೆಗಾರರು ಹೆಸರು ಹಿಡಿದು ಕೂಗುತ್ತಿದ್ದರು, ನಾಯಿ ಕಿವಿ ನಿಮಿರಿಸುತ್ತಿತ್ತು. ಈಗ ಮಧ್ಯಾಹ್ನದ ಹೊತ್ತು ಬಾಗಿಲು ಮುಂದೆ ಮಾಡಿಕೊಂಡು ಅವಳೇ ಮೆಲ್ಲಗೆ, "ಪುಂಡಲೀಕ" ಎನ್ನುತ್ತಾಳೆ. ಮೋತ್ಯಾನ ಕಿವಿ ಇಂದಿಗೂ ನಿಮಿರುತ್ತದೆ. ಅವನು ಈಗ ಬಂದಾನು ಎಂದು ನಂಬುವ ಜೀವ ಈ ಲೋಕದಲ್ಲಿ ಅದೊಂದೇ ಉಳಿದಿತ್ತು.

ಅದನ್ನು ಉಳಿಸಿಕೊಳ್ಳುವ ದಾರಿ ಮೊಬೈಲಿನಲ್ಲಿ ಸಿಕ್ಕಿತು. ಯಾವುದೋ ಪರದೇಶದ ವಿಡಿಯೊ. ಫಿಟ್ಸ್ ಬರುವ ಹೆಂಗಸೊಬ್ಬಳಿಗೆ ಅವಳ ನಾಯಿ ಮುಂಚೆಯೇ ಸೂಚನೆ ಕೊಡುತ್ತದೆ. ಅವಳು ಕೆಳಗೆ ಕೂತುಕೊಳ್ಳುತ್ತಾಳೆ, ಪೆಟ್ಟಾಗುವುದಿಲ್ಲ. ಅಂಥ ನಾಯಿಗೆ ಒಂದು ಬಣ್ಣದ ಅಂಗಿ ಇರುತ್ತದೆ. ಅಂಗಡಿಯಾಗಲಿ ಆಸ್ಪತ್ರೆಯಾಗಲಿ, ಯಾರೂ ಅದನ್ನು ಹೊರಗೆ ನಿಲ್ಲು ಎನ್ನುವುದಿಲ್ಲ. ದೇವಕ್ಕ ವಿಡಿಯೊವನ್ನು ಮತ್ತೆ ಮತ್ತೆ ನೋಡಿದಳು. ನಾಯಿಗಿಂತ ಹೆಚ್ಚಾಗಿ ಆ ಹೆಂಗಸನ್ನು ನೋಡಿದಳು.

ನಾಯಿಗೆ ಕಲಿಸುವುದು ಸುಲಭವಾಯಿತು. ಸೆರಗಿನ ತುದಿಗೆ ಒಣಕೊಬ್ಬರಿಯ ಚೂರು ಕಟ್ಟಿಕೊಂಡರೆ ಮೋತ್ಯಾ ಕುಂಯ್‌ಗುಟ್ಟುತ್ತ ಸೆರಗು ಎಳೆಯುತ್ತಿತ್ತು. ನೋಡುವವರಿಗೆ ಏನೋ ಹೇಳಲು ಒದ್ದಾಡುತ್ತಿದೆ ಎಂದೇ ಅನಿಸಬೇಕು. ಬೀಳುವುದನ್ನು ಅವಳು ಚಾಪೆಯ ಮೇಲೆ ರೂಢಿ ಮಾಡಿಕೊಂಡಳು. ಬಾಯಲ್ಲಿ ಸೋಪಿನ ನೊರೆ ಬೇಡ, ಅದು ನಾಟಕದವರ ಚಾಳಿ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಕಣ್ಣನ್ನು ಅರೆ ತೆರೆದಿಟ್ಟರೆ ಸಾಕು. ಎದ್ದ ಮೇಲೆ ತಾನೆಲ್ಲಿದ್ದೇನೆ ಎಂದು ಸುತ್ತ ನೋಡಬೇಕು, ನಾಚಿಕೊಳ್ಳಬೇಕು. ನಾಚಿಕೆಯೇ ಎಲ್ಲರನ್ನೂ ನಂಬಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅಂಗಿಯೊಂದೇ ಕಷ್ಟವಾದದ್ದು. ಪುಂಡಲೀಕನ ಜಾಕೀಟನ್ನು ಹೊಲಿಗೆ ಯಂತ್ರದ ಮೇಲೆ ಹರವಿಕೊಂಡು ಬಹಳ ಹೊತ್ತು ಕೂತಳು. ಹೊಳೆಯುವ ಪಟ್ಟಿಯ ಕೆಳಗೆ ಅವನ ಬೆವರಿನ ಕಲೆ ಇನ್ನೂ ಇತ್ತು. ಕೊನೆಗೆ ಕಲೆಯಿದ್ದ ಭಾಗವನ್ನು ಬಿಟ್ಟು ಕತ್ತರಿ ಹಾಕಿದಳು.

ಈರಬಸಪ್ಪ ಪೂಜೆ ಮುಗಿಸಿ ಪಡಸಾಲೆಗೆ ಬಂದು ಕೂರುವ ಹೊತ್ತನ್ನೇ ಅವಳು ಆರಿಸಿಕೊಂಡಳು. ಅವನ ಹೆಂಡತಿ ರೇವವ್ವ ಅಂಗಳದಲ್ಲಿ ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಪಕ್ಕದ ಮನೆಯ ಸುಗರಾಬಿಯೂ ಇದ್ದಳು. ಸಾಕ್ಷಿಗೆ ಹೊರಗಿನವರೊಬ್ಬರು ಇರುವುದು ಒಳ್ಳೆಯದೇ. ಕಿತ್ತಳೆ ಅಂಗಿ ತೊಟ್ಟ ಮೋತ್ಯಾ ಬಂದು ಸೆರಗು ಎಳೆಯಿತು. ದೇವಕ್ಕ ಹಣೆ ಒತ್ತಿಕೊಂಡು ಕೆಳಗೆ ಕೂತಳು, ಆಮೇಲೆ ಉರುಳಿದಳು.

"ಯಾ ಅಲ್ಲಾ! ಕೈಯಾಗ ಕಬ್ಬಿಣ ಕೊಡ್ರಿ, ಬೀಗದ ಕೈ ಕೊಡ್ರಿ!" ಸುಗರಾಬಿ ಕೂಗಿದಳು.

"ಏನೂ ಬ್ಯಾಡ. ನೀ ಬಾಜು ಸರಿ, ಗಾಳಿ ಬಿಡು," ಎಂದಳು ರೇವವ್ವ. ದೇವಕ್ಕನನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಬಟ್ಟೆ ಮಡಚಿಟ್ಟು, ಬೆನ್ನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಳು. ಅರೆಗಣ್ಣಿನಲ್ಲಿ ನೋಡುತ್ತಿದ್ದ ದೇವಕ್ಕನಿಗೆ ಒಂದು ಕ್ಷಣ ನಿಜವಾಗಿಯೂ ಅಳು ಬಂತು. ಗಂಡ ಸತ್ತ ಮೇಲೆ ಅವಳನ್ನು ಹಾಗೆ ಯಾರೂ ಮುಟ್ಟಿರಲಿಲ್ಲ.

ಎದ್ದು ಕೂತು, ನಾಚಿಕೊಂಡು, ಕತೆಯನ್ನೆಲ್ಲ ಹೇಳಿದಳು. ರೋಗ ಹಳೆಯದು. ನಾಯಿಯನ್ನು ಬಿಡಬೇಡ ಎಂದು ಧಾರವಾಡದ ದೊಡ್ಡ ಡಾಕ್ಟರೇ ಹೇಳಿದ್ದಾರೆ. ಅಂಗಿಯೂ ಅದಕ್ಕೇ. ಈರಬಸಪ್ಪ ಮೀಸೆ ತೀಡುತ್ತ ಅನುಮಾನದಿಂದ ನೋಡಿದ.

"ನಾಯಿಗೇನು ಡಾಕ್ಟರಕಿ ಪಾಸ್ ಆಗೈತೇನು?"

"ನೀವು ಸುಮ್ಕಿರ್ರಿ," ಎಂದಳು ರೇವವ್ವ. ಅವಳ ಕಣ್ಣು ನಾಯಿಯ ಮೇಲಿತ್ತು. "ದೇವಕ್ಕ, ಅದು ಹೇಳಿದ ಮ್ಯಾಲೆ ಕೂಡಾಕ ವ್ಯಾಳೆ ಸಿಗ್ತೈತೇನು?"

"ಸಿಗ್ತೈತ್ರಿ ಅಕ್ಕಾರ. ಒಂದ್ಸಲಾನೂ ತಪ್ಪಿಲ್ಲ."

"ನಿನಗಷ್ಟ ಹೇಳ್ತೈತೋ, ಬ್ಯಾರೆದವರಿಗೂ ಹೇಳ್ತೈತೋ?"

ಈ ಪ್ರಶ್ನೆಗೆ ದೇವಕ್ಕ ಸಿದ್ಧಳಾಗಿರಲಿಲ್ಲ. ಆದರೆ ಉತ್ತರ ತಾನಾಗಿ ಬಂತು, ಸೊಗಸಾಗಿಯೂ ಬಂತು. ಈ ಮನೆಗೂ ನಾಯಿ ಬೇಕೆನಿಸಲಿ ಎಂದುಕೊಂಡು ಹೇಳಿದಳು: "ಪ್ರೀತಿಯಿಂದ ಉಣ್ಣಾಕ ಹಾಕಿ, ಅದು ಮನಿ ಮಂದಿ ಅಂತ ಹಚ್ಚಿಕೊಂಡ್ರ ಯಾರಿಗಾದ್ರೂ ಹೇಳ್ತೈತ್ರಿ."

ಅಂದು ಸಂಜೆ ರೇವವ್ವ ತಾನೇ ಬಂದು ಬಿಸಿ ರೊಟ್ಟಿಗೆ ತುಪ್ಪ ಸವರಿ ಮೋತ್ಯಾನ ಮುಂದಿಟ್ಟಳು. ಟೆಂಪೋ ನಾಯಿಯಿಲ್ಲದೆ ಅಳ್ನಾವರಕ್ಕೆ ಹೋಯಿತು. ಇಷ್ಟು ಬೇಗ ಗೆಲ್ಲುತ್ತೇನೆಂದು ದೇವಕ್ಕ ಎಣಿಸಿರಲಿಲ್ಲ. ಅನುಮಾನ ಬಾರದಿರಲೆಂದು ನಡುನಡುವೆ ಒಮ್ಮೊಮ್ಮೆ ಬಿದ್ದಳು. ಪ್ರತಿ ಸಲವೂ ರೇವವ್ವ ಅವಳಿಗಿಂತ ಮೊದಲು ನಾಯಿಯನ್ನು ನೋಡುತ್ತಿದ್ದಳು.

ಎಲ್ಲರಿಗಿಂತ ಹೆಚ್ಚು ಸುಖಪಟ್ಟವಳು ಆ ಮನೆಯ ಮಗಳು ಅಮೃತಾ. ಇಪ್ಪತ್ತು ದಾಟಿದ ಹುಡುಗಿ. ತಾಯಿ ಅವಳನ್ನು ಹಿತ್ತಲಿಗೂ ಒಬ್ಬಳನ್ನೇ ಬಿಡುತ್ತಿರಲಿಲ್ಲ, ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಕೂತಿರುತ್ತಿದ್ದಳು. ದೊಡ್ಡ ಮನೆತನದವರ ಬಿಗಿ ಎಂದು ದೇವಕ್ಕ ತಿಳಿದಿದ್ದಳು. ಈಗ ಅದೇ ಅಮೃತಾ ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಕಾಕು, ಮೋತ್ಯಾನ್ನ ಕರಕೊಂಡು ಹೊಲಕ್ಕ ಹೋಗಿ ಬರ್ಲಿ? ಅಪ್ಪಗ ಬುತ್ತಿ ಕೊಡೂದೈತಿ. ಅವ್ವ ಹೂಂ ಅಂದಾಳ, ಖರೇನ! ನಿನ್ನ ನಾಯಿ ನಮ್ಮವ್ವಗ ಅದೇನು ಮಾಟಾ ಮಾಡೈತಿ ಹೇಳ ಬೇ!"

"ಮಾಟಾ ಅಲ್ಲವಾ, ರೊಟ್ಟಿ ತುಪ್ಪ," ಎಂದು ದೇವಕ್ಕ ನಗುತ್ತಿದ್ದಳು. ಬುತ್ತಿಯ ಗಂಟು ತಲೆಯ ಮೇಲೆ, ಮುಂದೆ ಕಿತ್ತಳೆ ಅಂಗಿಯ ನಾಯಿ. ಹುಡುಗಿ ಎರೆಮಣ್ಣಿನ ದಾರಿಯಲ್ಲಿ ಹಾಡಿಕೊಳ್ಳುತ್ತ ಹೋಗುವುದನ್ನು ನೋಡುವಾಗ, ತನ್ನ ಸುಳ್ಳಿನಿಂದ ಯಾರಿಗೂ ನಷ್ಟವಾಗಿಲ್ಲ, ಒಬ್ಬಳಿಗೆ ರೆಕ್ಕೆಯೇ ಬಂದಿದೆ ಎಂದು ಅವಳಿಗೆ ಹೆಮ್ಮೆಯಾಗುತ್ತಿತ್ತು.

ಅಮೃತಾಳ ಹೆಣ ಸಿಕ್ಕಿದ್ದು ಹೊಲದ ಕೃಷಿ ಹೊಂಡದಲ್ಲಿ. ಈರಬಸಪ್ಪ ದೂರದ ತುದಿಯಲ್ಲಿ ಮೆಣಸಿನಕಾಯಿ ಬಿಡಿಸುವ ಆಳುಗಳ ಜೊತೆಗಿದ್ದ. ಹುಡುಗಿ ಕೊಡ ತುಂಬಿಸಲು ಇಳಿದಿರಬೇಕು, ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ಜಾರಿರಬೇಕು ಎಂದರು ಜನ. ಮೋತ್ಯಾ ಬೊಗಳಿರಲಿಲ್ಲ, ಯಾರನ್ನೂ ಕರೆದಿರಲಿಲ್ಲ. ದಂಡೆಯಲ್ಲಿ ಅವಳ ಚಪ್ಪಲಿಯ ಬಳಿ ಮಲಗಿತ್ತು. ಓಡಿ ಬಂದವರನ್ನು ಕಂಡು ಬಾಲ ಅಲ್ಲಾಡಿಸಿತಂತೆ.

ಮಣ್ಣು ಮಾಡಿ ಬಂದ ಮೇಲೆ, ಹೆಂಗಸರೆಲ್ಲ ಚದುರಿದಾಗ, ರೇವವ್ವ ದೇವಕ್ಕನ ಕೋಣೆಗೆ ಬಂದು ನೆಲದ ಮೇಲೆ ಕೂತಳು. ನಾಯಿ ಅವಳ ತೊಡೆಯ ಮೇಲೆ ಮುಖವಿಟ್ಟಿತು. "ಸಣ್ಣಾಕಿ ಇದ್ದಾಗಿಂದ ಆಕಿಗೂ ಫಿಟ್ಸ್ ಬರ್ತಿದ್ವು ದೇವಕ್ಕ. ನಾಳೆ ಲಗ್ನಕ್ಕ ತೊಡಕಾದೀತು ಅಂತ ಬಾಯಿ ಬಿಡಲಿಲ್ಲ. ಯಾರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಇದು ಸಂಗಾಟ ಇದ್ರ ಹೆದರಿಕಿಲ್ಲಂತ ಕಳಿಸ್ತಿದ್ದೆ." ಯಾರನ್ನು ನಂಬಿಸಬೇಕು, ಯಾರಿಗೆ ಅನುಮಾನ ಬಂದೀತು ಎಂಬುದೆಲ್ಲವನ್ನೂ ದೇವಕ್ಕ ಯೋಚಿಸಿದ್ದಳು, ತನ್ನ ಸುಳ್ಳು ನಿಜವಾಗಿರಲಿ ಎಂದು ಕೈಮುಗಿಯುವ ತಾಯಿಯೊಬ್ಬಳು ಅದೇ ಮನೆಯಲ್ಲಿ ಇರಬಹುದೆಂದು ಯೋಚಿಸಿರಲಿಲ್ಲ. ಈಗಲಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ರೇವವ್ವ ನಾಯಿಯ ನೆತ್ತಿ ಸವರುತ್ತ ಹೇಳಿದಳು: "ಇದನ್ನ ಎಲ್ಲಿಗೂ ಕಳಸಬ್ಯಾಡ, ಇಲ್ಲೇ ಇರ್ಲಿ. ತಪ್ಪು ಇದರದಲ್ಲ. ದಿನಾ ನನ್ನ ಕೈಯಾರೆ ರೊಟ್ಟಿ ಹಾಕಿದೆ. ಆದ್ರೂ ನನ್ನ ಮಗಳು ಮನಿ ಮಂದಿ ಅಂತ ಇದಕ್ಕ ಅನಸಲೇ ಇಲ್ಲೇನ ದೇವಕ್ಕ? ನಿನಗ ಹೇಳೂದು, ಆಕಿಗೆ ಯಾಕ ಹೇಳಲಿಲ್ಲ?"