ಸೈಕಲ್ ಟ್ಯೂಬಿನ ಸುಳ್ಳು

"ಬರ್ರಿ ಮಿಸ್ತ್ರಿ. ನೀವು ರಿಪೇರಿ ಮಾಡಿದ ಪೈಪು ನಿನ್ನೆ ನಟ್ಟನಡು ಹೊಳಿಯಾಗ ಕೈ ಕೊಡ್ತು," ಎಂದಳು ನೀಲಗಂಗವ್ವ.

ಬನವಾಸಿಯ ಕಡವಿನಲ್ಲಿ ಅವಳ ಹಳೆಯ ಮೋಟಾರು ದೋಣಿ ಕಟ್ಟಿ ನಿಂತಿತ್ತು. ಸುದ್ದಿ ಕೇಳಿ ಬೆಳಗಿನ ಬಸ್ಸಿಗೇ ಸಿರಸಿಯಿಂದ ಓಡಿ ಬಂದಿದ್ದೆ.

"ದೋಣ್ಯಾಗ ಎಷ್ಟ ಮಂದಿ ಇದ್ರು?"

"ಹನ್ನೊಂದು. ಒಬ್ಬಾಕಿ ತುಂಬಿದ ಬಸುರಿ. ಸೆಳವು ಅರ್ಧ ಮೈಲು ಎಳಕೊಂಡು ಹೋತು. ಹುಟ್ಟು ಹಾಕಿ ಹಾಕಿ ದಂಡಿಗೆ ಹಚ್ಚಿದೆ."

ಅಂಗೈ ತೋರಿಸಿದಳು. ಅದರ ತುಂಬ ಬೊಕ್ಕೆ. ಎರಡು ವರ್ಷದಿಂದ ಆ ಕೈ ಹಿಡಿಯಬೇಕೆಂದು ಆಸೆಪಟ್ಟವನು ನಾನು. ಈಗ ಅದನ್ನು ನೋಡಲೂ ನನಗೆ ಮುಖವಿರಲಿಲ್ಲ.

ಯಾಕೆಂದರೆ ತಪ್ಪು ನನ್ನದು. ಗಂಡ ತೀರಿಕೊಂಡ ಮೇಲೆ ದೋಣಿ ನಡೆಸುವುದು ಅವಳ ಪಾಲಿಗೆ ಬಂತು. ಆಗ ಡೀಸೆಲ್ ಟಾಕಿಯಿಂದ ಎಂಜಿನ್‌ಗೆ ಹೋಗುವ ತಾಮ್ರದ ಪೈಪು ಸೀಳಿತ್ತು. ಗ್ಯಾರೇಜಿನವರು ನನ್ನನ್ನು ಕಳಿಸಿದರು. ಹೊಸ ಪೈಪು ಹಾಕಬೇಕಿತ್ತು. ಆದರೆ ಅವಳು ಸೆರಗು ಸರಿಮಾಡಿಕೊಂಡು, "ಚಾ ಕುಡೀತೀರೇನ್ರಿ?" ಎಂದು ಕಣ್ಣಂಚಿನಲ್ಲಿ ನೋಡಿದಳು ನೋಡಿ, ನನ್ನ ಬುದ್ಧಿ ಮಣ್ಣು ತಿಂದಿತು. ಸೀಳಿದ ಜಾಗಕ್ಕೆ ಸೈಕಲ್ ಟ್ಯೂಬು ತೊಡಿಸಿ ತಂತಿ ಬಿಗಿದೆ. ಡೀಸೆಲ್ ಎಣ್ಣೆಗೆ ಆ ರಬ್ಬರು ಎರಡು ಮೂರು ತಿಂಗಳಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಗೊತ್ತಿದ್ದೇ ಮಾಡಿದೆ. ಮೆತ್ತಗಾದರೆ ಮತ್ತೆ ಕರೆಯುತ್ತಾಳಲ್ಲ!

ಹಾಗೆ ಒಂಬತ್ತು ಸಲ ಬಂದೆ. ನಮ್ಮ ಜನರಲ್ಲಿ ಗಂಡ ಸತ್ತವಳಿಗೆ ಉಡಿಕೆ ಮಾಡಿ ಮತ್ತೆ ಮದುವೆ ಮಾಡಿಕೊಡುವ ರೂಢಿ ಇದೆ. ಅವಳಪ್ಪ ದ್ಯಾಮಪ್ಪನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ನನ್ನ ಬಾಯಿ ಮಾಡಬೇಕಾದ ಕೆಲಸವನ್ನು ಟ್ಯೂಬಿಗೆ ವಹಿಸಿದ ಹೇಡಿ ನಾನು.

ಈ ಸಲ ಹೊಸ ತಾಮ್ರದ ಪೈಪು, ಹಿತ್ತಾಳೆಯ ನಟ್ಟು, ವಾಷರು ಎಲ್ಲ ತಂದಿದ್ದೆ. ಹಳೆಯದನ್ನೆಲ್ಲ ಬಿಚ್ಚಿದೆ. ಕಪ್ಪಗೆ ಅಂಟಂಟಾಗಿದ್ದ ಟ್ಯೂಬಿನ ತುಂಡು ಕೈಯಲ್ಲಿ ಹಿಡಿದು ಹೇಳಿಯೇಬಿಟ್ಟೆ.

"ಇದು ಹಾಳಾಗತೈತಿ ಅಂತ ನನಗ ಗೊತ್ತಿತ್ತು. ನಿಮ್ಮನ್ನ ನೋಡಾಕ ಬರಬೇಕಂತ ಹಾಂಗ ಮಾಡಿದೆ. ಇನ್ನ ನನ್ನನ್ನ ದೋಣಿ ಹತ್ತಿಸಬ್ಯಾಡ್ರಿ."

ಅವಳು ಆ ತುಂಡನ್ನೇ ನೋಡಿದಳು.

"ನನಗೂ ಗೊತ್ತಿತ್ತು," ಎಂದಳು.

"ಏನು?"

"ಬಸ್ಸಿನ ಡ್ರೈವರ್ ಚನ್ನಯ್ಯ ಮೂರನೇ ಸಲಕ್ಕ ಹೇಳಿದ್ದ, ಇದು ನಿಲ್ಲೂ ಕೆಲಸ ಅಲ್ಲ, ಬ್ಯಾರೆ ಮಿಸ್ತ್ರಿನ್ನ ಕರೀರಿ ಅಂತ. ನಾ ಕರೀಲಿಲ್ಲ." ಅವಳ ಕೆನ್ನೆ ಕೆಂಪಾಯಿತು, ಕಣ್ಣು ತುಂಬಿತು. "ನಿನ್ನೆ ಆ ಬಸುರಿ ನನ್ನ ಸೆರಗು ಹಿಡಿದು ಅತ್ಳು. ನಿಮ್ಮನ್ನ ಬೈಲಿಲ್ಲ ನಾ. ನನ್ನನ್ನ ಬೈಕೊಂಡೆ."

ಅವಳು ನನ್ನ ಕೈಯಿಂದ ಆ ಟ್ಯೂಬನ್ನು ಕಸಿದು ದೂರ ಎಸೆದಳು.

"ಮಾತಾಡಿದ್ದು ಸಾಕು. ಕೆಲಸ ಮಾಡ್ರಿ."

ಮಾಡಿದೆ. ಪೈಪು ಕೂರಿಸಿ, ಒಂದೊಂದು ನಟ್ಟನ್ನೂ ಎರಡೆರಡು ಸಲ ಬಿಗಿದೆ. ಸಂದುಗಳಲ್ಲಿ ಬೆರಳಾಡಿಸಿದೆ, ಒಂದು ಹನಿ ಜಿನುಗಲಿಲ್ಲ. ಪೈಪಿನೊಳಗಿನ ಗಾಳಿ ತೆಗೆದು ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ಒಂದೇ ಸುತ್ತಿಗೆ ಹಿಡಿದುಕೊಂಡಿತು. ಹೊಳೆ ದಾಟಿ ಮರಳಿ ಬಂದೆವು. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ.

"ಇನ್ನ ಹತ್ತು ವರ್ಷ ನೀವು ನನ್ನ ಕರಿಯೂದು ಬ್ಯಾಡ," ಎಂದೆ.

"ಕರಿಯೂದಿಲ್ಲ," ಎಂದಳು, ಹಗ್ಗ ಕಟ್ಟುತ್ತ. ಆಮೇಲೆ ತಿರುಗಿ ನೋಡಿದಳು. ಈ ಸಲ ಕಣ್ಣಂಚಿನಲ್ಲಲ್ಲ, ನೇರವಾಗಿ. "ಹೋದವರನ್ನ ಅಲ್ಲೇನ್ರಿ ಕರಿಯೂದು? ಇಲ್ಲೇ ಇರೋರನ್ನ ಯಾಕ ಕರೀಬೇಕು? ಅಪ್ಪ ಮನ್ಯಾಗ ಅದಾನ. ಉಡಿಕಿ ಮಾತು ನಾನ ಎತ್ತಲೇನು, ನೀವು ಎತ್ತತೀರೋ?"

ಸಿರಸಿ ಬಸ್ಸು ರಸ್ತೆಯಲ್ಲಿ ಹಾರ್ನು ಹೊಡೆಯುತ್ತಿತ್ತು. ಹೊಡೆಯಲಿ ಎಂದುಕೊಂಡು ಅವಳ ಹಿಂದೆ ದಂಡೆ ಹತ್ತಿದೆ.