ಹನ್ನೆರಡು ಸಾಕ್ಷಿಗಳ ಹೊಟ್ಟೆಪಾಡು

ಇದು ಅಪ್ಪಟ ನಿಜ. ನಂಬದಿದ್ದರೆ ನನ್ನ ಪ್ಯಾಂಟ್ ನೋಡಿ... ಹಲ್ಲಿನ ಗುರುತು ಇನ್ನೂ ಇದೆ!

ಎದುರಿಗೆ ಎರಡು ಕ್ವಿಂಟಲ್ ತೂಕದ ತಾಯಿ ಹಂದಿ. ಬೆನ್ನಿಗೆ ಗೋಡೆ.

ಅವಳ ಬಾಯಲ್ಲಿ ಶೆಡ್‌ಗೆ ನುಗ್ಗಿದ್ದ ಕಳ್ಳನ ಜುಬ್ಬಾದ ಬಿಳಿ ತೋಳು. ಒಳಗೆ ಕೈ ಇರಲಿಲ್ಲ. ಸದ್ಯ!

"ಸಾರ್, ಅವಳ ಥರಾನೇ ಕೂಗ್ರಿ!" ಬೇಲಿಯಾಚೆಯಿಂದ ಗೂಳಪ್ಪ ಕಿರುಚಿದ. "ಮರಿಗಳನ್ನ ಹಾಲಿಗೆ ಕರೀತಾಳಲ್ಲ, ಹಂಗೆ!"

ಪ್ರಿನ್ಸಿಪಾಲರ ದನಿ ಅಣಕಿಸಿ ಕಾಲೇಜಿನಿಂದ ಸಸ್ಪೆಂಡ್ ಆದವನು ನಾನು. ಇದೇನು ಮಹಾ!

"ಗ್ರ್ಹುಂ... ಗ್ರ್ಹುಂ..."

ಅವಳು ಬೆಕ್ಕಸಬೆರಗಾದಳು. ತೋಳು ಬಿತ್ತು. ಪಕ್ಕದ ದೊಡ್ಡಿಯ ಹನ್ನೆರಡು ಮರಿಗಳು ಚೀರುತ್ತಾ ಬೇಲಿಗೆ ಮುತ್ತಿದವು. ನಾನು ತೋಳು ಹಿಡಿದು ಹಾರಿದೆ. ಅವಳು ಪ್ಯಾಂಟಿಗೆ ಬಾಯಿ ಹಾಕಿದಳು!

ಗೂಳಪ್ಪ ಬ್ಯಾಡರಹಳ್ಳಿಯವನು. ಸುತ್ತ ಅಪಾರ್ಟ್‌ಮೆಂಟ್ ಎದ್ದರೂ ಹಂದಿ ಶೆಡ್ ಬಿಡದವನು. ಕಳವು ಪತ್ತೆ ನನ್ನ ಕಸುಬು.

"ಹೋಗಿದ್ದೇನು?"

"ಪುಡಿ ಸಾರ್. ಸಮುದ್ರದ ಪಾಚಿಯಿಂದ ತೆಗೆದ ಸಕ್ಕರೆ ಅಂಶ. ಹಾಲು ಬಿಡಿಸಿದ ತಕ್ಷಣ ಮರಿಗಳಿಗೆ ಬೇದಿ ಹಿಡ್ಕೊಳತ್ತೆ, ಕರುಳು ಕೈ ಕೊಡತ್ತೆ. ಹೋದ ಸಲ ಅರ್ಧಕ್ಕರ್ಧ ಮಣ್ಣು ಮಾಡ್ದೆ. ಡಾಕ್ಟ್ರು ಇದನ್ನ ಮೇವಲ್ಲಿ ಬೆರೆಸಿ ಅಂದ್ರು, ಉಳ್ಕೊಂಡ್ವು. ಆಮೇಲೆ ಹಿಡಿ ಹಿಡಿ ಮಾಯ ಆಗ್ತಿತ್ತು. ಇವತ್ತು ಡ್ರಮ್ಮೇ ಇಲ್ಲ! ಹೊಸದು ಬರೋಕೆ ವಾರ ಬೇಕು. ಇವನ್ನ ಮೊನ್ನೆ ತಾನೆ ಹಾಲು ಬಿಡಿಸಿದೀನಿ..."

ಒಂದು ವಾರ. ಮರಿಗಳ ಹೊಟ್ಟೆಗೆ ಅಷ್ಟು ತಾಳ್ಮೆ ಇರಲಿಲ್ಲ.

ತೋಳಿನ ಮೇಲೆ ಕಸೂತಿ: 'ಸಾಗರ ಶುದ್ಧಿ'.

ಗೂಳಪ್ಪನ ಮುಖ ಕೆಂಪಾಯಿತು. "ನಮ್ ಅಳಿಯ ಯಶ್ವಂತಂದು! ಬಸವೇಶ್ವರನಗರದಲ್ಲಿ ಡಿಟಾಕ್ಸ್ ಸೆಂಟರ್ ಇಟ್ಟವ್ನೆ. ಶೆಡ್‌ಗೆ ಬಂದ್ರೆ ಮೂಗು ಮುಚ್ಕೋತಾನೆ!"

"ಮುಚ್ಕೊಂಡೇ ಕದ್ದಿದಾನೆ. ಮರಿಗಳನ್ನ ಗಾಡಿ ಹತ್ತಿಸ್ರಿ!"

ಮಾಗಡಿ ರೋಡಿನಲ್ಲಿ ಪಿಕಪ್ ಹಾರಿತು... ಸುಂಕದಕಟ್ಟೆ ಸಿಗ್ನಲ್‌ವರೆಗೆ. ಅಲ್ಲಿ ಎಳನೀರಿನ ತಳ್ಳುಗಾಡಿಯೊಂದು ನಮ್ಮನ್ನು ಓವರ್‌ಟೇಕ್ ಮಾಡಿತು!

ಸೆಂಟರಿನಲ್ಲಿ ಆಂಟಿಯರು ಸಾಲಾಗಿ ಕೂತು ಕಂದು ಕಷಾಯ ಹೀರುತ್ತಿದ್ದರು. ಯಶ್ವಂತನ ಜುಬ್ಬಾಕ್ಕೆ ಒಂದೇ ತೋಳು.

"ಇನ್ನೊಂದೆಲ್ಲಿ ಗುರು?"

"ಡಿಸೈನ್! ಬಲಗೈ ಉಸಿರಾಡ್ಬೇಕು!"

ಮುಂದಿನ ಸಾಲಿನ ಇಬ್ಬರು ಆಗಲೇ ಬಲತೋಳು ಮಡಚಿಕೊಂಡಿದ್ದರು.

"ಮಾವನ ಪುಡಿ ಕೊಡು."

"ಯಾವ ಪುಡಿ? ಇದು ಆಳ ಸಮುದ್ರದ ರಹಸ್ಯ! ಪ್ರೂಫ್ ಇದ್ರೆ ತೋರ್ಸು. ಇಲ್ಲಾಂದ್ರೆ ನಮ್ ಹುಡುಗ್ರು ನಿನ್ನ ಕರುಳು ಕ್ಲೀನ್ ಮಾಡ್ತಾರೆ!"

ಇಬ್ಬರು ಜಿಮ್ ಪೈಲ್ವಾನರು ಎದ್ದು ನಿಂತರು.

ನಾನು ಬಾಗಿಲಿಗೆ ಮುಖ ಮಾಡಿದೆ. "ಗ್ರ್ಹುಂ... ಗ್ರ್ಹುಂ..."

ಹೊರಗೆ ಗೂಳಪ್ಪ ಗಾಡಿಯ ಹಲಗೆ ಇಳಿಸಿದ.

ಹನ್ನೆರಡೂ ನುಗ್ಗಿದವು! ನನ್ನ ಕಾಲು ಮೂಸಿದವು. ಅಮ್ಮ ಅಲ್ಲ... ಛೇ! ಮರುಕ್ಷಣ ಮೂಗು ಮೇಲೆತ್ತಿ, ಪೈಲ್ವಾನರ ಕಾಲಡಿ ತೂರಿ, ಪರದೆಯ ಹಿಂದಕ್ಕೆ ಓಡಿದವು.

ಧಡಾರ್! ಡ್ರಮ್ ಉರುಳಿ ಹೊರಬಂತು. ಮೇಲೆ ನಗುವ ಹಂದಿ ಮರಿಯ ಚಿತ್ರ.

ಸಾಲಿನಲ್ಲಿ ಕೂತಿದ್ದ ನಿವೃತ್ತ ಹೆಡ್‌ಕ್ಲರ್ಕ್ ಅಂಜನಮ್ಮ ಚಿತ್ರ ನೋಡಿದರು, ಲೋಟ ನೋಡಿದರು.

"ಅಂದ್ರೆ... ತಿಂಗಳಿಂದ ನಾನು ಕುಡೀತಿರೋದು ಹಂದಿ ಮೇವಾ?"

"ಮೇವಿಗೆ ಹಾಕೋ ಪುಡಿ, ಆಂಟಿ," ಗೂಳಪ್ಪ ತಿದ್ದಿದ.

"ಅದಕ್ಕೇ ಕಣೋ! ಮದುವೆ ಮನೇಲಿ ಮೊದಲನೇ ಪಂಕ್ತಿಗೆ ಎಲ್ಲರನ್ನೂ ತಳ್ಕೊಂಡು ನುಗ್ತಾ ಇದೀನಿ!" ಅವರು ಲೋಟ ಚಾಚಿದರು. "ಹೊಟ್ಟೆ ಮಾತ್ರ ಹೂವಿನಂಗಿದೆ. ಇನ್ನೊಂದು ಹಾಕು!"

ಗೂಳಪ್ಪ ಡ್ರಮ್ ತಬ್ಬಿಕೊಂಡ. "ಕ್ಯೂನಲ್ಲಿ ಬನ್ನಿ. ನಿಮ್ಮ ಮುಂದೆ ಹನ್ನೆರಡು ಜನ ಇದಾರೆ!"

ಪೈಲ್ವಾನರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಂಜನಮ್ಮ.

ಅತಿ ಹೆಚ್ಚು ಲೋಟ ಖಾಲಿ ಮಾಡಿದವರೂ ಅವರೇ.