ಬೆನ್ನು ತಿರುಗಿಸಿ ಕೂತವನು

ಬೆಳಿಗ್ಗೆ ಏಳು ಗಂಟೆಗೆ, ಭೀಮರಾಯನಗುಡಿಯ ಖಾಲಿ ಗೋದಾಮಿನ ಹಿಂದೆ, ಸಾಯಿಕುಮಾರ ಒಂದು ನಾಯಿಯ ಕೊರಳಿನ ತಂತಿ ಕತ್ತರಿಸಿದ. ನಾಯಿ ಅವನ ಕೈ ಕಚ್ಚಿತು.

ಯಾರೋ ಅದನ್ನು ಬೈಂಡಿಂಗ್ ವೈರಿನಿಂದ ಕಟ್ಟಿ, ಹೊಡೆದು, ಬಿಟ್ಟುಹೋಗಿದ್ದರು. ತಂತಿ ಚರ್ಮದೊಳಕ್ಕೆ ಇಳಿದಿತ್ತು. ಮೊದಲು ನೋಡಿದವಳು ಕೃಷಿ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವ ಅಂಜನಾ. ಹತ್ತಿರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಸಾಯಿಕುಮಾರ ಅವಳಿಗೆ ಅಪರಿಚಿತ; ಆದರೂ ಅವಳೇ ಅವನನ್ನು ಕೂಗಿ ಕರೆದಿದ್ದಳು.

ಅವನು ಇಂಜೆಕ್ಷನ್‌ಗೆ ಶಹಾಪುರಕ್ಕೆ ಹೋದ. ಅವಳು ನಾಯಿಯನ್ನು ಪಶು ಆಸ್ಪತ್ರೆಗೆ, ಅಲ್ಲಿಂದ ಮನೆಗೆ ಒಯ್ದಳು. ಮೈಬಣ್ಣ ಸಜ್ಜೆಯದು, ಹೆಸರು ಸಜ್ಜಿ ಎಂದಾಯಿತು.

ಎರಡನೇ ಇಂಜೆಕ್ಷನ್ ಮುಗಿಸಿ ಸಾಯಿಕುಮಾರ ಅವಳ ಮನೆಗೆ ಬಂದ. ಅವನನ್ನು ಕಂಡದ್ದೇ ಸಜ್ಜಿ ಮಂಚದ ಕೆಳಗೆ ನುಗ್ಗಿ ನಡುಗಿತು. ತನಗಾದ ನೋವೆಲ್ಲ ಇವನಿಂದಲೇ ಎಂದು ಅದು ನಂಬಿತ್ತು.

“ಬಿಡಿಸಿದಾವ ನಾನು. ಸಿಟ್ಟೂ ನನ್ ಮ್ಯಾಲೇ ಏನ್ರಿ?”

“ನೀವು ದಿಟ್ಟಿಸಿ ನೋಡ್ತೀರಿ, ಅಂಜತದ. ಆ ಕಡಿ ಮುಖ ಮಾಡಿ ಕೂಡ್ರಿ.”

“ನಾ ನೋಡಾಕತ್ತಿದ್ದು ನಾಯಿನ್ನಲ್ಲ.”

“ಗೊತ್ತದ. ಆದ್ರೂ ಆ ಕಡಿ ಕೂಡ್ರಿ.”

ಅಂದಿನಿಂದ ಅವನು ದಿನಾ ಸಂಜೆ ಬಂದು ಅಂಗಳದಲ್ಲಿ ಬೆನ್ನು ತಿರುಗಿಸಿ ಕೂರತೊಡಗಿದ. ಬೆನ್ನ ಹಿಂದೆ ರೊಟ್ಟಿಯ ಚೂರುಗಳು. ಎದುರಿಗೆ ಅಂಗಳದ ಗೋಡೆ, ಗೋಡೆಯ ಪಕ್ಕ ಅವನ ಬೈಕು, ಅದರ ಕನ್ನಡಿಯಲ್ಲಿ ಹೊಸ್ತಿಲು, ಹೊಸ್ತಿಲ ಮೇಲೆ ಅಂಜನಾ. ಅವಳು ಜಡೆಯನ್ನು ಮುಂದಕ್ಕೆ ಎಳೆದುಕೊಂಡಾಗ ಅವನ ಕಿವಿ ಕೆಂಪಾಗುವುದು ಅವಳಿಗೆ ಕಾಣುತ್ತಿತ್ತು. ಅವಳು ಮತ್ತೆ ಮತ್ತೆ ಎಳೆದುಕೊಂಡಳು.

“ಕನ್ನಡ್ಯಾಗ ಏನ್ ಕಾಣ್ತದ್ರಿ?”

“ಹಿಂದಿನ ಟ್ರಾಫಿಕ್. ಭಾಳ ಜೋರದ.”

ಅವಳ ತಾಯಿ ಮಲಕಮ್ಮ ಒಳಗಿಂದ ಕೂಗಿದಳು: “ಆ ಹುಡ್ಗ ದಿನಾ ಬಂದು ಗೋಡಿ ಕೂಡ ಮಾತಾಡ್ತಾನಲ್ಲವ್ವ. ಗೋಡಿನ್ನಽ ಲಗ್ನ ಆಗ್ತಾನೇನ?”

ಲಗ್ನದ ಮಾತು ಬರೀ ತಮಾಷೆಯಲ್ಲ. ದೇವಾಪುರದಿಂದ ಸಾಯಿಕುಮಾರನ ಮನೆಯವರು ಸಂಬಂಧ ಕೇಳಿದ್ದರು. ಅಂಜನಾಳ ಉತ್ತರ ಒಂದೇ ಆಗಿತ್ತು: “ಸಜ್ಜಿನ್ನ ಬಿಟ್ಟು ಬರಂಗಿಲ್ಲ. ಅದು ನಡುಗೋ ಮನಿಗೂ ಬರಂಗಿಲ್ಲ.”

“ಹಂಗಾದ್ರ ಸಾಯೋತನಕ ಹಿಂಗಽ ಕೂಡ್ತೀನಿ,” ಎಂದ ಅವನು, ಗೋಡೆ ನೋಡುತ್ತ.

ಮೊದಮೊದಲು ಅವನು ಎದ್ದು ಹೋದ ಮೇಲೆ ಸಜ್ಜಿ ರೊಟ್ಟಿ ತಿನ್ನುತ್ತಿತ್ತು. ಬರಬರುತ್ತ ಅವನು ಇದ್ದಾಗಲೇ ಬಂದು, ಕಚ್ಚಿಕೊಂಡು ಓಡಿತು. ಒಂದು ಭಾನುವಾರ ಚೂರುಗಳೆಲ್ಲ ಮುಗಿದರೂ ಓಡಲಿಲ್ಲ. ತಾನು ಕಚ್ಚಿದ ಕೈಯನ್ನು ಮೂಸಿತು. ಆಮೇಲೆ ತಿರುಗಿ, ತನ್ನ ಬೆನ್ನನ್ನು ಅವನ ಬೆನ್ನಿಗೆ ಆನಿಸಿ ಕೂತಿತು.

“ಅಳ್ಳಾಡಬ್ಯಾಡ್ರಿ!” ಅಂಜನಾ ಹೊಸ್ತಿಲಿನಿಂದಲೇ ಅಂದಳು.

“ಉಸರೂ ಬಿಡವಲ್ಲೆ.”

ಅವಳು ಮೆಲ್ಲನೆ ಸುತ್ತಿ ಬಂದು ಅವನೆದುರು ಕೂತಳು. ಕಣ್ಣೀರನ್ನೂ ನಗುವನ್ನೂ ಮರೆಮಾಡಲಿಲ್ಲ.

“ಈಗ ಎಷ್ಟ್ ಬೇಕಷ್ಟು ನೋಡ್ರಿ.”

ಅವನು ನೋಡಿದ. ಸಜ್ಜಿ ನಡುಗಲಿಲ್ಲ.

“ಹೂಂ ಅಂತೀರೇನು, ಅಂಜನಾ?”

“ನಾವಿಬ್ರೂ ಹೂಂ ಅಂದೀವಿ.”

ಶ್ರಾವಣದಲ್ಲಿ ಲಗ್ನವಾಯಿತು. ದೇವಾಪುರಕ್ಕೆ ಹೊರಟ ಕ್ರೂಸರ್ ಗಾಡಿಯಲ್ಲಿ ಮದುಮಕ್ಕಳ ನಡುವಿನ ಸೀಟು ಸಜ್ಜಿಯದಾಗಿತ್ತು.